ಸೊಲೊಮೋನನ ಜ್ಞಾನವನ್ನು ಬೇಡುವವರು

ಭಾನುವಾರದ ಆರಾಧನೆಯಲ್ಲಿ ವಿಜ್ಞಾಪನೆಗಳು ದೇಶದ ವಿಷಯಕ್ಕೆ ಬಂದಾಗ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ನಮ್ಮನ್ನಾಳುವವರಿಗೆ ಸೊಲೊಮೋನನಿಗೆ ಕೊಟ್ಟಂಥ ಜ್ಞಾನ ಕೊಡು ಎಂದು ಸಭಾಪಾಲಕರು ಬೇಡುತ್ತಾರೆ, ಸಭೆ ಆಮೆನ್ ಅನ್ನುತ್ತದೆ. ಇದರ ಬೇರು 1 ಅರಸುಗಳು ಮೂರನೆಯ ಅಧ್ಯಾಯದಲ್ಲಿ, ಏನು ಬೇಕೆಂದು ದೇವರು ಕೇಳಿದಾಗ ಸೊಲೊಮೋನ ಜ್ಞಾನವನ್ನು ಬೇಡಿದ ಗಿಬ್ಯೋನಿನ ಕನಸಿನಲ್ಲಿ ಇದೆ. ನಾಯಕರಿಗಾಗಿ ಮಾಡುವ ಪ್ರಾರ್ಥನೆಗೆ ಅದಕ್ಕಿಂತ ದೊಡ್ಡ ಮಾದರಿ ಇಲ್ಲ ಎಂದು ಪ್ರಸಂಗಗಳು ಹೇಳುತ್ತಲೇ ಬಂದಿವೆ. ಆ ಕೀರ್ತಿಯನ್ನು ನಾನು ಒಪ್ಪಲಾರೆ. ಹಿಂದಿನ ಅಧ್ಯಾಯವನ್ನೂ ಮುಂದಿನ ಅಧ್ಯಾಯಗಳನ್ನೂ ಮರೆತು ಓದಿದ್ದರಿಂದ ಬಂದ ಕೀರ್ತಿ ಅದು. ಮರೆತು ಓದಿದ್ದರ ಬೆಲೆಯನ್ನು ನಮ್ಮ ಪ್ರಾರ್ಥನೆ ಇಂದಿಗೂ ತೆರುತ್ತಿದೆ.

ಈ ಬೇಡಿಕೆಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸುತ್ತೇನೆ. ಕ್ರೈಸ್ತರು ಅರಸರಿಗಾಗಿ ಬೇಡಿದ್ದು ಯಾವಾಗಲೂ ಜ್ಞಾನವನ್ನಲ್ಲ. ಕ್ರಿ.ಶ. 197ರ ಸುಮಾರಿಗೆ ಕಾರ್ಥೇಜಿನ ತೆರ್ತುಲಿಯನ್ ತನ್ನ ಸಮರ್ಥನಾ ಗ್ರಂಥದಲ್ಲಿ, ಚಕ್ರವರ್ತಿಗಾಗಿ ಕ್ರೈಸ್ತರು ಏನೇನು ಬೇಡುತ್ತಾರೆಂದು ಪಟ್ಟಿ ಕೊಡುತ್ತಾನೆ: ದೀರ್ಘಾಯುಸ್ಸು, ಭದ್ರವಾದ ಸಾಮ್ರಾಜ್ಯ, ಶೂರ ಸೈನ್ಯ, ನಿಷ್ಠೆಯ ಸೆನೆಟ್. ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕದಲ್ಲಿ ಅರಸನಿಗಾಗಿ ಇರುವ ನಿತ್ಯದ ಪ್ರಾರ್ಥನೆ ದೇವರ ಚಿತ್ತದಂತೆ ನಡೆಯುವ ಕೃಪೆಯನ್ನು ಕೇಳಿ, ಕೂಡಲೇ ಆರೋಗ್ಯ, ಸಂಪತ್ತು, ದೀರ್ಘಾಯುಸ್ಸು, ಶತ್ರುಜಯಗಳಿಗೆ ಬರುತ್ತದೆ. ಗಿಬ್ಯೋನಿನಲ್ಲಿ ಸೊಲೊಮೋನ ಯಾವುದನ್ನು ಕೇಳಲಿಲ್ಲವೆಂದು ದೇವರು ಮೆಚ್ಚಿದನೋ ಅದೇ ಪಟ್ಟಿ ಇದು! ಬೆಂಗಳೂರು ದಂಡಿನ ಆಂಗ್ಲಿಕನ್ ದೇವಾಲಯಗಳಲ್ಲಿ ಬ್ರಿಟಿಷರ ಕಾಲದುದ್ದಕ್ಕೂ ಈ ಪುಸ್ತಕವೇ ನಡೆಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಳ್ಳುವ ಹೊತ್ತಿಗೆ ಬ್ರಿಟಿಷರ ಆಳ್ವಿಕೆ ಇಲ್ಲಿ ಮುಗಿದಿತ್ತು. ಶತ್ರುಜಯ ಬೇಡುವ ಬಾಯಿ ಜ್ಞಾನವನ್ನು ಬೇಡತೊಡಗಿದ್ದು ಮೇಲೇರಿದ ಹೆಜ್ಜೆಯೇ. ಆದರೆ ಹೆಜ್ಜೆ ಅಲ್ಲೇ ನಿಂತುಬಿಟ್ಟಿತು.

ಇನ್ನು ಪಾಠಕ್ಕೆ ಬರೋಣ. ಕನಸಿನ ಕಥೆ ಎಲ್ಲರಿಗೂ ಗೊತ್ತು. ಅದರ ಹಿಂದಿನ ಅಧ್ಯಾಯವನ್ನು ಓದುವವರು ಕಡಿಮೆ. ಎರಡನೆಯ ಅಧ್ಯಾಯದಲ್ಲಿ ಸಾವಿನ ಹಾಸಿಗೆಯ ಮೇಲಿರುವ ದಾವೀದ ಮಗನನ್ನು ಕರೆದು ದೇವರ ಆಜ್ಞೆಗಳನ್ನು ಕೈಕೊಳ್ಳೆಂದು ಹೇಳಿ, ಅದೇ ಉಸಿರಿನಲ್ಲಿ ಇಬ್ಬರ ಹೆಸರು ಹೇಳುತ್ತಾನೆ: ಸೇನಾಪತಿ ಯೋವಾಬ, ತನ್ನನ್ನು ಶಪಿಸಿದ ಶಿಮ್ಮೀ. ಇಬ್ಬರೂ ನೆಮ್ಮದಿಯಿಂದ ಸಾಯಬಾರದು. ಅದನ್ನು ಹೇಗೆ ಮಾಡಬೇಕು? ಯೋವಾಬನ ವಿಷಯದಲ್ಲಿ ನಿನ್ನ ಜ್ಞಾನಕ್ಕೆ ತೋಚಿದಂತೆ ಮಾಡು ಎನ್ನುತ್ತಾನೆ. ಶಿಮ್ಮೀಯ ವಿಷಯದಲ್ಲಿ, ನೀನು ಜ್ಞಾನಿ, ಏನು ಮಾಡಬೇಕೆಂದು ನಿನಗೆ ತಿಳಿದಿದೆ ಎನ್ನುತ್ತಾನೆ. ಅಂದರೆ ಸೊಲೊಮೋನನ ಜ್ಞಾನದ ಮಾತು ಅವನ ಆಳ್ವಿಕೆಯ ಕಥೆಯಲ್ಲಿ ಮೊದಲು ಬರುವುದು ಗಿಬ್ಯೋನಿನ ಬಲಿಪೀಠದ ಬಳಿಯಲ್ಲಲ್ಲ. ಇಬ್ಬರು ಮುದುಕರನ್ನು ಕೊಲ್ಲಿಸುವ ಉಪಾಯವನ್ನು ಅವನ ವಿವೇಚನೆಗೆ ಬಿಡುವ ಈ ಮಾತಿನಲ್ಲಿ. ಮಗ ಚೆನ್ನಾಗಿಯೇ ತಿಳಿದುಕೊಳ್ಳುತ್ತಾನೆ. ಅಣ್ಣ ಅದೋನೀಯ, ದಾವೀದನ ಕೊನೆಗಾಲದಲ್ಲಿ ಅವನ ಉಪಚಾರಕ್ಕಿದ್ದ ಅಬೀಷಗಳನ್ನು ಹೆಂಡತಿಯಾಗಿ ಕೇಳಿದ್ದೇ ನೆವವಾಗಿ ಅವನ ಪ್ರಾಣ ಹೋಗುತ್ತದೆ. ಯಾಜಕ ಎಬ್ಯಾತಾರನನ್ನು ಅನಾತೋತಿಗೆ ಅಟ್ಟಲಾಗುತ್ತದೆ. ಯೋವಾಬ ಗುಡಾರದ ಬಲಿಪೀಠದ ಕೊಂಬುಗಳನ್ನು ಹಿಡಿದಿದ್ದರೂ ಉಳಿಯುವುದಿಲ್ಲ. ಶಿಮ್ಮೀಗೆ ಯೆರೂಸಲೇಮಿನ ಎಲ್ಲೆ ದಾಟಬಾರದೆಂಬ ಕಟ್ಟಳೆ ಹಾಕಿ, ಮೂರು ವರ್ಷದ ಮೇಲೆ ಓಡಿಹೋದ ಆಳುಗಳನ್ನು ಹುಡುಕಿಕೊಂಡು ಅವನು ಗತ್‌ ಊರಿಗೆ ಹೋಗಿಬಂದಾಗ ಮುಗಿಸಲಾಗುತ್ತದೆ. ಮೂವರ ಮೇಲೂ ಎರಗಿದವನು ಬೆನಾಯ, ಆಜ್ಞೆ ಸೊಲೊಮೋನನದು. ರಾಜ್ಯ ಸೊಲೊಮೋನನ ಕೈಯಲ್ಲಿ ಸ್ಥಿರವಾಯಿತೆಂಬ ಮಾತಿನೊಡನೆ ಅಧ್ಯಾಯ ಮುಗಿಯುತ್ತದೆ.

ಇದನ್ನು ಓದಿ ಕನಸಿಗೆ ಬಂದರೆ ಶತ್ರುಗಳ ಪ್ರಾಣವನ್ನು ನೀನು ಕೇಳಲಿಲ್ಲ ಎಂಬ ದೇವರ ಮೆಚ್ಚುಗೆ ಬೇರೆಯದೇ ದನಿಯಲ್ಲಿ ಕೇಳಿಸುತ್ತದೆ. ಕೇಳುವುದಕ್ಕೆ ಪ್ರಾಣಗಳು ಉಳಿದಿರಲಿಲ್ಲ. ನಾನಿನ್ನೂ ಚಿಕ್ಕವನು, ನಡೆಯುವ ಬಗೆ ತಿಳಿಯದವನು ಎಂಬ ಅರಸನ ವಿನಯವನ್ನೂ ಈ ಬೆಳಕಿನಲ್ಲೇ ಓದಬೇಕು. ವಿನಯ ಸುಳ್ಳೆಂದು ನಾನು ಹೇಳುತ್ತಿಲ್ಲ. ರಕ್ತದ ಕೈಯವನೊಬ್ಬ ದೇವರ ಮುಂದೆ ನಿಜವಾಗಿಯೂ ನಡುಗಿರಬಹುದು. ಆದರೆ ಬರಹಗಾರ ಒಂದೇ ಗುಣವನ್ನು ಎರಡು ಕಡೆ ಇಟ್ಟಿದ್ದಾನೆ: ಒಮ್ಮೆ ಕೊಲೆಯ ಉಪಾಯವಾಗಿ, ಒಮ್ಮೆ ನ್ಯಾಯ ತೀರಿಸುವ ವಿವೇಕವಾಗಿ. ಯಾವ ಜ್ಞಾನವನ್ನು ಬೇಡುತ್ತೀರಿ ಎಂದು ಅವನು ಓದುಗನನ್ನು ನಿಲ್ಲಿಸಿ ಕೇಳುತ್ತಿದ್ದಾನೆ. ಸೊಲೊಮೋನನ ಜ್ಞಾನ ಎಂದಷ್ಟೇ ಬೇಡುವ ಸಭೆ ಆ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಕನಸಿನ ಬೆನ್ನಿಗೇ ಬರುವ, ಒಂದೇ ಮಗುವನ್ನು ತನ್ನದೆಂದ ಇಬ್ಬರು ಸೂಳೆಯರ ಮೊಕದ್ದಮೆಯೂ ಇದೇ ನೇಯ್ಗೆಯ ಭಾಗ. ಗಂಡುದಿಕ್ಕಿಲ್ಲದ ಇಬ್ಬರು ಹೆಂಗಸರು ನೇರ ಅರಸನ ಮುಂದೆ ನಿಲ್ಲಲು ಸಾಧ್ಯವಾಯಿತು. ಬೇಡಿದ ಜ್ಞಾನದ ಮೊದಲ ಪರೀಕ್ಷೆಯೇ ಅವರ ವ್ಯಾಜ್ಯ. ಇದು ಗಿಬ್ಯೋನಿನ ಪ್ರಾರ್ಥನೆಯ ನಿಜವಾದ ಹಿರಿಮೆ. ಆದರೆ ಕತ್ತಿ ತನ್ನಿ, ಮಗುವನ್ನು ಸೀಳಿ ಎಂದು ಅರಸ ಹೇಳಿದಾಗ ತಾಯಿ ಯಾಕೆ ನಂಬಿದಳು? ಇದು ಬರೀ ಪರೀಕ್ಷೆಯೆಂದು ಅವಳಿಗೆ ಅನಿಸಲಿಲ್ಲ ಯಾಕೆ? ಕಥನದ ಓಟದಲ್ಲಿ ಎರಡನೆಯ ಅಧ್ಯಾಯವನ್ನು ದಾಟಿ ಬಂದ ಯಾರೂ ಆ ಆಜ್ಞೆಯನ್ನು ಹಗುರಾಗಿ ತೆಗೆದುಕೊಳ್ಳಲಾರರು. ತೀರ್ಪು ಕೇಳಿದ ಇಸ್ರಾಯೇಲ್ಯರು ಅರಸನಿಗೆ ಭಯಪಟ್ಟರು ಎಂದೇ ಅಧ್ಯಾಯ ಮುಗಿಯುತ್ತದೆ.

ಇಲ್ಲಿ ಪಂಡಿತರ ಜೊತೆ ಜಗಳ ತಪ್ಪದು. 1926ರಲ್ಲಿ ಲಿಯೊನ್‌ಹಾರ್ಡ್ ರೋಸ್ಟ್ ಎಂಬ ಜರ್ಮನ್ ವಿದ್ವಾಂಸ, 2 ಸಮುವೇಲದ ಒಂಬತ್ತನೆಯ ಅಧ್ಯಾಯದಿಂದ ಇಪ್ಪತ್ತರವರೆಗಿನ ಭಾಗವೂ 1 ಅರಸುಗಳ ಮೊದಲೆರಡು ಅಧ್ಯಾಯಗಳೂ ಸೇರಿ ದಾವೀದನ ಉತ್ತರಾಧಿಕಾರದ ಒಂದೇ ಕಥನವೆಂದು ವಾದಿಸಿದ. ಪಾಂಡಿತ್ಯ ದೊಡ್ಡದು, ಅನುಮಾನವಿಲ್ಲ. ಆದರೆ ಆ ವಾದವನ್ನು ಹಿಡಿದವರು ಎರಡನೆಯ ಅಧ್ಯಾಯದ ಕೊನೆಯಲ್ಲಿ ಗೋಡೆ ಎಬ್ಬಿಸಿದರು. ಅತ್ತಲಿನದು ಒಬ್ಬರ ಕೈಬರಹ, ಇತ್ತಲಿನದು ಇನ್ನೊಬ್ಬರದು; ಎರಡರ ನಡುವೆ ಅರ್ಥದ ಸಂಬಂಧ ಹುಡುಕುವುದು ಓದುಗನ ಕಲ್ಪನೆ ಎಂಬುದು ಅವರ ನಿಲುವು. ಎರಡು ಕೈ ಇದ್ದಿರಲಿ. ಅವನ್ನು ಪಕ್ಕಪಕ್ಕ ಇಟ್ಟ ಮೂರನೆಯ ಕೈಯೊಂದು ಇತ್ತಲ್ಲ? ಶಿಮ್ಮೀಯ ಸಾವು ಮೂರು ವರ್ಷದ ಮೇಲೆ ನಡೆದದ್ದು. ಆದರೂ ಅದನ್ನು ಕನಸಿಗಿಂತ ಮೊದಲೇ ಹೇಳಿ ಮುಗಿಸಲಾಗಿದೆ. ಕಾಲಕ್ರಮಕ್ಕೆ ಕಟ್ಟುಬೀಳದೆ, ಕೊಲೆಗಳೆಲ್ಲ ಪ್ರಾರ್ಥನೆಯ ಮುಂಚೆಯೇ ಓದುಗನ ಕಣ್ಣಿಗೆ ಬೀಳುವಂತೆ ಜೋಡಿಸಿದ್ದು ಅಚಾತುರ್ಯವೆಂದು ನನಗೆ ಅನಿಸುವುದಿಲ್ಲ. ಮೂಲಗಳನ್ನು ಬಿಡಿಸುವುದರಲ್ಲೇ ಮಗ್ನರಾದ ವಿಮರ್ಶಕರು ಜೋಡಣೆಯ ಪ್ರತಿಭೆಯನ್ನು ಕಾಣದೆಹೋದರು. ಅವರನ್ನು ಓದಿ ಕಲಿತ ದೇವಜ್ಞಾನ ಶಾಲೆಗಳೂ ಕಾಣಲಿಲ್ಲ.

ಸಭೆಗಳು ಮಾಡಿದ್ದು ಇನ್ನೂ ಹೆಚ್ಚು. 1992ರಲ್ಲಿ ಪ್ರಕಟವಾಗಿ ಹಲವು ಪ್ರೊಟೆಸ್ಟಂಟ್ ಸಭೆಗಳು ಬಳಸುವ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿಯನ್ನು ತೆರೆದು ನೋಡಿ. ಎರಡನೆಯ ವರ್ಷದ ಪಾಠಗಳಲ್ಲಿ ಒಂದು ಭಾನುವಾರಕ್ಕೆ 1 ಅರಸುಗಳು 2:10–12, ಅಲ್ಲಿಂದ ನೆಗೆದು 3:3–14. ದಾವೀದ ಸತ್ತ, ಮಗ ಪಟ್ಟವೇರಿದ, ಕನಸು ಕಂಡ. ನಡುವಿನ ಮೂರು ಹೆಣಗಳೂ ಫರೋಹನ ಮಗಳೊಡನೆ ಆದ ಮದುವೆಯೂ ಮಾಯ. ಪಾಠ 14ನೆಯ ವಚನದಲ್ಲೇ ನಿಲ್ಲುವುದರಿಂದ ಇಬ್ಬರು ಹೆಂಗಸರೂ ಮಾಯ. ಪೂರ್ವಕಾಲವೃತ್ತಾಂತದ ಬರಹಗಾರ ಇದನ್ನು ಬಹುಮಟ್ಟಿಗೆ ಹಿಂದೆಯೇ ಮಾಡಿದ್ದ. ಅವನ ಸೊಲೊಮೋನನ ಕೈಗೆ ಯೋವಾಬನ ರಕ್ತ ಅಂಟಿಲ್ಲ, ಅವನ ಮುಂದೆ ಸೂಳೆಯರು ನಿಲ್ಲುವುದೂ ಇಲ್ಲ. ಪಾಪವನ್ನೂ ಬಡವರನ್ನೂ ಒಟ್ಟಿಗೆ ಅಳಿಸಿದ ಮೇಲೆ ಉಳಿಯುವ ಜ್ಞಾನ ಯಾವ ಅರಸನಿಗೂ ಒಪ್ಪುವಂಥದು.

ಕೇಳಿದ್ದನ್ನು ಪಡೆದ ಮೇಲೆ ಏನಾಯಿತು? ಲೆಬನೋನಿಗೆ ತಿಂಗಳಿಗೆ ಹತ್ತು ಸಾವಿರದಂತೆ ಸರದಿಯ ಮೇಲೆ ಹೋದ 30,000 ಬಿಟ್ಟಿಯಾಳುಗಳು. ಆಲಯಕ್ಕೆ ಏಳು ವರ್ಷ, ಅರಮನೆಗೆ ಹದಿಮೂರು. ಹನ್ನೊಂದನೆಯ ಅಧ್ಯಾಯದ ಅನ್ಯದೇವತೆಗಳ ಗುಡಿಗಳು. ಕೊನೆಗೆ ಶೆಕೆಮಿನಲ್ಲಿ ಜನ ಅವನ ಮಗ ರೆಹಬ್ಬಾಮನಿಗೆ ಹೇಳಿದ್ದು ಒಂದೇ ಮಾತು: ನಿನ್ನ ತಂದೆ ಹೇರಿದ ನೊಗವನ್ನು ಹಗುರ ಮಾಡು. ಜ್ಞಾನಿ ಅರಸನ ಆಳ್ವಿಕೆಗೆ ಪ್ರಜೆಗಳು ಬರೆದ ವಿಮರ್ಶೆ ಇದು. ರೆಹಬ್ಬಾಮನಿಗೆ ಜ್ಞಾನದ ಕೊರತೆ ಇರಲಿಲ್ಲ. ಹಿರಿಯರು ಸರಿಯಾದ ಮಾತನ್ನೇ ಹೇಳಿದರು, ಅವನು ಕಿವಿಯಾರೆ ಕೇಳಿದ, ತಳ್ಳಿಹಾಕಿದ. ಬಿಟ್ಟಿಕೆಲಸದ ಅಧಿಕಾರಿಯನ್ನು ಅಲ್ಲಿಗೆ ಕಳಿಸಿದಾಗ ಜನ ಕಲ್ಲೆಸೆದು ಕೊಂದರು, ರಾಜ್ಯ ಒಡೆಯಿತು. ಆಳುವವರಿಗೆ ಜ್ಞಾನ ಕೊಡು ಎಂಬ ಬೇಡಿಕೆಯೊಳಗೆ ಒಂದು ರೋಗನಿದಾನ ಅಡಗಿದೆ: ಅವರು ಅನ್ಯಾಯ ಮಾಡುವುದು ತಿಳಿಯದೆ. ಅರಸುಗಳ ಪುಸ್ತಕ ಅದನ್ನು ಒಪ್ಪುವುದಿಲ್ಲ. ತಿಳಿದೇ ಮಾಡುವ ಅನ್ಯಾಯಕ್ಕೆ ಅಜ್ಞಾನದ ಹೆಸರಿಟ್ಟು ದೇವರ ಮುಂದೆ ಹೇಳುವುದು ಆಳುವವನ ಪರವಾಗಿ ಸಭೆಯೇ ಸಲ್ಲಿಸುವ ವಕಾಲತ್ತು.

ಹಾಗಾದರೆ ಈ ಪ್ರಾರ್ಥನೆಯನ್ನೇ ಬಿಡಬೇಕೆ? ಹಳೆಯ ಒಡಂಬಡಿಕೆಯ ವಿದ್ವಾಂಸ ವಾಲ್ಟರ್ ಬ್ರೂಗ್ಗಮನ್ 1978ರ ತಮ್ಮ ಪುಸ್ತಕವೊಂದರಲ್ಲಿ ಸೊಲೊಮೋನನ ಆಳ್ವಿಕೆಯನ್ನು ಮೋಶೆಯ ಬಿಡುಗಡೆಗೆ ಬೆನ್ನು ತಿರುಗಿಸಿದ ಕಾಲವೆಂದು ಓದಿದರು. ಆ ಜಾಡು ಹಿಡಿದ ಕೆಲವರು, ಅರಸನಿಗಾಗಿ ಬೇಡುವ ಪ್ರಾರ್ಥನೆಯೆಲ್ಲ ಅರಮನೆಯ ಚಾಕರಿ ಎನ್ನುತ್ತಾರೆ. ಇದೂ ಆತುರದ ಮಾತು. 1 ತಿಮೊಥೆಯದ ಎರಡನೆಯ ಅಧ್ಯಾಯ ಅರಸರಿಗಾಗಿ ಬೇಡಲು ಹೇಳಿದ್ದು ರೋಮಿನ ಆಳ್ವಿಕೆಯಡಿ ಯಾವ ಅಧಿಕಾರವೂ ಇಲ್ಲದಿದ್ದ ಸಣ್ಣ ಗುಂಪುಗಳಿಗೆ. ಬಲವಿಲ್ಲದವರು ಬಲವಂತನ ಹೆಸರನ್ನು ಅವನಿಗಿಂತ ದೊಡ್ಡವನ ಮುಂದೆ ತೆಗೆಯುವುದು ಚಾಕರಿಯಾಗಬೇಕಿಲ್ಲ.

ಮಾದರಿ ಬೇಕಿದ್ದರೆ ಸೊಲೊಮೋನನ ಹೆಸರನ್ನೇ ಹೊತ್ತ 72ನೆಯ ಕೀರ್ತನೆ ಇದೆ. ಅರಸನಿಗಾಗಿ ಬೇರೆಯವರು ಬೇಡುವ ಪ್ರಾರ್ಥನೆ ಅದು. ನಮ್ಮ ಸಭೆ ನಿಂತ ಸ್ಥಾನವೂ ಅದೇ. ಅದು ಬಾಯಿ ತೆರೆಯುವುದೇ ನ್ಯಾಯವನ್ನು ಬೇಡುತ್ತ. ದಿಕ್ಕಿಲ್ಲದವರ ಕೂಗು ಅರಸನಿಗೆ ಕೇಳಬೇಕು, ಹಿಂಸಕ ಜಜ್ಜಿಹೋಗಬೇಕು, ಬಡವರ ರಕ್ತ ಅವನ ಕಣ್ಣಿಗೆ ಬೆಲೆಯುಳ್ಳದ್ದಾಗಬೇಕು. ಕೀರ್ತನೆಯಲ್ಲಿ ಶೆಬದ ಬಂಗಾರವೂ ಕಪ್ಪ ತರುವ ಅರಸರೂ ಇದ್ದಾರೆ, ಆಸ್ಥಾನದ ವಾಸನೆ ಪೂರ್ತಿ ಹೋಗಿಲ್ಲ. ಆದರೂ ಎಲ್ಲ ಅರಸರು ಅವನಿಗೆ ಯಾಕೆ ಅಡ್ಡಬೀಳಬೇಕೆಂಬುದಕ್ಕೆ ಅದು ಕೊಡುವ ಕಾರಣ ಬಡವರನ್ನು ಬಿಡಿಸಿದ್ದು ಮಾತ್ರ. ನಮ್ಮ ಆರಾಧನಾ ಕ್ರಮವನ್ನು ತಿದ್ದುವ ಹೊಣೆ ಹೊತ್ತವರು ವಿಜ್ಞಾಪನೆಯ ಆ ಜಾಗಕ್ಕೆ ಈ ಕೀರ್ತನೆಯ ಮೊದಲ ಹದಿನಾಲ್ಕು ವಚನಗಳನ್ನು ತರಲಿ. ಕನಸಿನ ಪಾಠ ಬರುವ ಭಾನುವಾರ ಎರಡನೆಯ ಅಧ್ಯಾಯವನ್ನು ಕೊನೆಯವರೆಗೂ ಓದಿಸಲಿ, ಮೂರನೆಯದನ್ನು 28ನೆಯ ವಚನದವರೆಗೆ.