‘ನಿಸರ್ಗ ಕುರಿತ ಜೈನ ಘೋಷಣೆ’: ಒಂದು ಮರುಪರಿಶೀಲನೆ

1990ರ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಜೈನ ಸಮಾಜದ ಪರವಾಗಿ ಒಂದು ಕಿರುಹೊತ್ತಗೆಯನ್ನು ಅರ್ಪಿಸಲಾಯಿತು. ಡಾ. ಎಲ್. ಎಂ. ಸಿಂಘ್ವಿಯವರು ಇಂಗ್ಲಿಷಿನಲ್ಲಿ ರಚಿಸಿದ ‘ನಿಸರ್ಗ ಕುರಿತ ಜೈನ ಘೋಷಣೆ’ಯೇ ಅದು. ಅಹಿಂಸೆ, ಅನೇಕಾಂತ, ಮಿತಭೋಗಗಳನ್ನು ಪರಿಸರಚಿಂತನೆಯ ಮುಂದಿರಿಸಿದ ಈ ಕೃತಿಯ ಮಹತ್ತ್ವ ನಿರ್ವಿವಾದ. ಆದರೂ ಅದರ ತಿರುಳಾದ ಒಂದು ವ್ಯಾಖ್ಯಾನವು ಪರಿಶೀಲನೆಗೆ ಅರ್ಹವಾಗಿದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ 21ನೆಯ ಸೂತ್ರವು ಜೀವಗಳ ಪರಸ್ಪರ ಉಪಗ್ರಹವನ್ನು ಹೇಳುತ್ತದೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಿಂದ ಜೈನ ಲಾಂಛನದ ಅಡಿಯಲ್ಲಿ ಅದನ್ನು ನಾವೆಲ್ಲ ನೋಡುತ್ತ ಬಂದಿದ್ದೇವೆ. ಆಧುನಿಕ ಪರಿಸರವಿಜ್ಞಾನದ ವ್ಯಾಪ್ತಿಯನ್ನೇ ಈ ಸೂತ್ರ ನಿರೂಪಿಸುತ್ತದೆಂದೂ, ಬದುಕು ಸಹಬಾಳ್ವೆಯ ಕೊಡುಗೆಯೆಂದೂ ಘೋಷಣೆಯು ಗ್ರಹಿಸುತ್ತದೆ. ಈ ಗ್ರಹಿಕೆ ಹಿತವಾಗಿದೆ, ಆದರೆ ಪೂರ್ಣವಾಗಿಲ್ಲ. ಹಿಂದಿನ ಸೂತ್ರವು ಸುಖ, ದುಃಖ, ಜೀವಿತ, ಮರಣ ಈ ನಾಲ್ಕನ್ನೂ ಪುದ್ಗಲದ ಉಪಗ್ರಹವೆನ್ನುತ್ತದೆ. ಆ ನಾಲ್ಕನ್ನು ನೆನಪಿಸಲೆಂದೇ 21ನೆಯ ಸೂತ್ರದಲ್ಲಿ ಉಪಗ್ರಹಶಬ್ದ ಮತ್ತೆ ಬಂದಿದೆಯೆಂದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಅಂದರೆ ಒಂದು ಜೀವವು ಮತ್ತೊಂದರ ಸುಖಕ್ಕೆ ನಿಮಿತ್ತವಾಗುವಂತೆ ದುಃಖಕ್ಕೂ ಮರಣಕ್ಕೂ ನಿಮಿತ್ತವಾಗುತ್ತದೆ.

ಇದಕ್ಕೆ ಕೆರೆಗಿಂತ ಉತ್ತಮ ದೃಷ್ಟಾಂತ ಬೇಕಿಲ್ಲ. ಪಾಚಿಯನ್ನು ಸೂಕ್ಷ್ಮಜೀವಿಗಳು, ಅವುಗಳನ್ನು ಕಿರುಮೀನು, ಕಿರುಮೀನನ್ನು ಹಿರಿಮೀನು ಮತ್ತು ಮಿಂಚುಳ್ಳಿ ತಿನ್ನುತ್ತವೆ. ಸತ್ತು ಕೊಳೆತದ್ದು ಮತ್ತೆ ಪಾಚಿಗೆ ಗೊಬ್ಬರವಾಗುತ್ತದೆ. ಇದು ಉಪಗ್ರಹವೇ ಹೌದು, ಆದರೆ ಕೇವಲ ಸಾಮರಸ್ಯವಲ್ಲ.

ಘೋಷಣೆಯು ಪರಸ್ಪರ ಅವಲಂಬನೆಗೆ ಕೊಟ್ಟಷ್ಟು ಒತ್ತನ್ನು ಜೀವಸಮುದಾಯಗಳ ಪರಿವರ್ತನೆಗೆ ಕೊಡುವುದಿಲ್ಲ. ಹೂಳು ತುಂಬಿದಂತೆ ಕೆರೆಯಲ್ಲಿ ಮುಳುಗಿ ಬೆಳೆಯುವ ಸಸ್ಯಗಳ ಎಡೆಗೆ ತಾವರೆ, ತಾವರೆಯ ಎಡೆಗೆ ಜೊಂಡು, ಕೊನೆಗೆ ನೆಲದ ಹುಲ್ಲು ಬರುತ್ತವೆ. ಇಂಥ ಬದಲಾವಣೆಯು ಒಂದು ಸ್ಥಿರವಾದ ಪ್ರೌಢಾವಸ್ಥೆಯನ್ನು ಮುಟ್ಟುತ್ತದೆಂದು 1916ರಲ್ಲಿ ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ ಪ್ರತಿಪಾದಿಸಿದರು. ಪ್ರತಿಯೊಂದು ಪ್ರಭೇದವೂ ತನ್ನ ಶಕ್ತಿಗನುಗುಣವಾಗಿ ನೆಲೆಸುತ್ತದೆ, ನಿಶ್ಚಿತ ಗುರಿಯೆಂಬುದಿಲ್ಲ ಎಂದು 1926ರಲ್ಲಿ ಹೆನ್ರಿ ಗ್ಲೀಸನ್ ವಾದಿಸಿದರು. ಆಚಾರ್ಯರು ಪರಿಸರವಿಜ್ಞಾನ ಬರೆದರೆಂದು ಹೇಳುವುದು ಅತಿಶಯೋಕ್ತಿ. ಆದರೆ ಅದೇ ಅಧ್ಯಾಯದಲ್ಲಿ ಉತ್ಪಾದ, ವ್ಯಯ, ಧ್ರೌವ್ಯಗಳನ್ನು ಸತ್ತಿನ ಲಕ್ಷಣವೆಂದು ಓದಿದವರಿಗೆ ಈ ಪರಿವರ್ತನೆ ಅಚ್ಚರಿಯೆನಿಸಬಾರದು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಬೆಳಗೊಳವೆಂಬ ಹೆಸರಿನಲ್ಲೇ ಕೊಳವಿದೆ. ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗುತ್ತೇವೆ. ಬಸದಿಯ ಕೊಳವಿರುವಲ್ಲಿ ಅದರ ಹೊಣೆಯೂ ಶ್ರಾವಕರದೇ. ಮೀನುಗಳಿಗೆಂದು ಎಸೆದ ಅನ್ನ, ಪೂಜೆಯ ಹೂವು ನೀರಿನಲ್ಲಿ ಕೊಳೆತು ರಂಜಕವನ್ನು ಬಿಡುತ್ತವೆ. ರಂಜಕದ ಪರಿಣಾಮವನ್ನು 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಆರಂಭವಾದ ಪ್ರಯೋಗವೊಂದು ತೋರಿಸಿತು. ಸರೋವರವೊಂದನ್ನು ಪರದೆಯಿಂದ ಇಬ್ಭಾಗಿಸಿ, ಎರಡೂ ಭಾಗಗಳಿಗೆ ಸಾರಜನಕ ಮತ್ತು ಇಂಗಾಲವನ್ನು, ಒಂದಕ್ಕೆ ಮಾತ್ರ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಭಾಗವು ಪಾಚಿಯಿಂದ ಹಸಿರಾಯಿತು. ಅತಿಯಾದ ಪಾಚಿಯು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಹೀಗೆ ವಿವೇಕವಿಲ್ಲದ ದಯೆಯೇ ಮರಣಕ್ಕೆ ನಿಮಿತ್ತವಾದೀತು.

ಹೂಳೆತ್ತುವುದು ಜೀವಹಿಂಸೆಯಲ್ಲವೇ ಎಂಬ ಪ್ರಶ್ನೆಯೂ ಉಂಟು. ಹಿಂಸೆಯೇ ಸರಿ. ಆದರೆ ಹೂಳನ್ನು ಹಾಗೆಯೇ ಬಿಟ್ಟರೆ ನೀರನ್ನೇ ನಂಬಿದ ಜೀವಗಳೆಲ್ಲ ಕೆರೆಯೊಡನೆ ಅಳಿಯುತ್ತವೆ. ಸಂಕಲ್ಪೀ ಹಿಂಸೆಯನ್ನೂ ಆರಂಭೀ ಹಿಂಸೆಯನ್ನೂ ಬೇರ್ಪಡಿಸಿದ ಶ್ರಾವಕಾಚಾರವು ಇಲ್ಲಿ ದಾರಿ ತೋರುತ್ತದೆ. ನೀರು ಇಳಿದ ಬೇಸಗೆಯಲ್ಲಿ, ಆಳದ ಮಡುವನ್ನು ಜೀವಗಳಿಗಾಗಿ ಉಳಿಸಿ, ಒಂದೊಂದು ವರ್ಷ ಒಂದೊಂದು ಭಾಗದಂತೆ ಹೂಳೆತ್ತುವುದೇ ಯತ್ನಾಚಾರ.

ಘೋಷಣೆಯು ಈ ಸೂತ್ರವನ್ನು ಜಗತ್ತಿನ ಸಭೆಗೆ ಮುಟ್ಟಿಸಿತು. ಅದರ ಪೂರ್ಣಾರ್ಥವನ್ನು ತಮ್ಮ ಕೊಳದ ಪಾಲನೆಯಲ್ಲಿ ತೋರಿಸುವ ಕೆಲಸ ಬಸದಿಗಳ ಆಡಳಿತ ಮಂಡಲಿಗಳದು.