ಪೌರಸಹಕಾರವೂ ಕೈಗಾರಿಕೆಯ ಹೊಸತನವೂ: ಬೊಲೋನ್ಯ ನಗರದ ನಿದರ್ಶನ

ರಾಬರ್ಟ್ ಪಟ್ನಮ್ ಅವರು 1993ರಲ್ಲಿ ಪ್ರಕಟಿಸಿದ ‘ಮೇಕಿಂಗ್ ಡೆಮಾಕ್ರಸಿ ವರ್ಕ್’ ಎಂಬ ಗ್ರಂಥವು ಸ್ಥಳೀಯ ಆಡಳಿತದ ಅಭ್ಯಾಸಿಗಳಲ್ಲಿ ಪ್ರಮಾಣಗ್ರಂಥವೆಂಬ ಮನ್ನಣೆಯನ್ನು ಪಡೆದಿದೆ. ಇಟಲಿಯಲ್ಲಿ 1970ರಲ್ಲಿ ಏರ್ಪಟ್ಟ ಪ್ರಾಂತಸರ್ಕಾರಗಳ ಪೈಕಿ ಉತ್ತರದವು ದಕ್ಷಿಣದವುಗಳಿಗಿಂತ ಮೇಲಾದುದೇಕೆಂಬುದು ಅದರ ಪ್ರಶ್ನೆ. ಆ ತುಲನೆಯನ್ನು ಗ್ರಂಥಕರ್ತರು ಬಹು ಶ್ರಮವಹಿಸಿ ಮಾಡಿದ್ದಾರೆ. ಅದರಲ್ಲಿ ನಮಗೆ ವಿವಾದವಿಲ್ಲ. ಉತ್ತರದ ಏಳಿಗೆಗೆ ಮಧ್ಯಯುಗದ ಸ್ವತಂತ್ರ ನಗರಗಳಿಂದ ಹರಿದುಬಂದ ಸಹಕಾರಬುದ್ಧಿಯೇ ಮೂಲವೆಂಬ ಸಿದ್ಧಾಂತವನ್ನು ಮಾತ್ರ ನಾವು ಒಪ್ಪಲಾರೆವು. ಅಯ್ಯಾವೊಳೆಯ ಐನೂರ್ವರ ಶಾಸನಗಳಿಂದ ಇಂದಿನ ವರ್ತಕಸಂಘಗಳ ಗುಣವನ್ನು ವಿವರಿಸಹೊರಡುವ ನಮ್ಮವರಿಗೂ ಈ ಆಕ್ಷೇಪ ಸಲ್ಲುತ್ತದೆ.

ಗ್ರಂಥದಲ್ಲಿ ಅಗ್ರಸ್ಥಾನ ಪಡೆದ ಎಮಿಲಿಯ-ರೊಮಾನ್ಯ ಪ್ರಾಂತದ ರಾಜಧಾನಿಯಾದ ಬೊಲೋನ್ಯವನ್ನೇ ಪರಿಶೀಲಿಸೋಣ. ರೇನೊ ನದಿಯ ಕಾಲುವೆಯ ನೀರನ್ನು ಬಳಸುವ ಬಗ್ಗೆ 1208ರಲ್ಲಿ ನಗರಾಡಳಿತವು ಗಿರಣಿಗಳ ಒಡೆಯರೊಡನೆ ಒಪ್ಪಂದ ಮಾಡಿಕೊಂಡಿತು. 1231ರ ಸುಮಾರಿಗೆ ಅನ್ಯ ನಗರಗಳ ನೇಯ್ಗೆಯವರಿಗೆ ಮಗ್ಗ, ಸಾಲ, ತೆರಿಗೆಯ ವಿನಾಯಿತಿಗಳನ್ನಿತ್ತು ಕರೆತಂದಿತು. ಮುಂದಿನ ಶತಮಾನದಲ್ಲಿ ಅದೇ ಕಾಲುವೆಯ ನೀರು ರೇಷ್ಮೆ ಹುರಿಮಾಡುವ ಯಂತ್ರಗಳನ್ನು ತಿರುಗಿಸಿತು. ಇಷ್ಟರಮಟ್ಟಿಗೆ ಪಟ್ನಮ್ ಅವರ ಮಾತು ಸರಿ. ಆದರೆ ಹೊರಗಿನವರನ್ನು ಕರೆದು ಬೆಳೆದ ಈ ನಗರವೇ ಯಂತ್ರದ ಗುಟ್ಟನ್ನು ಹೊರಗೆ ಬಿಟ್ಟವನಿಗೆ ಮರಣದಂಡನೆಯನ್ನು ವಿಧಿಸಿತು! ಗುಟ್ಟಾದರೂ ಉಳಿಯಲಿಲ್ಲ, 17ನೆಯ ಶತಮಾನದಲ್ಲಿ ಪೀಡ್ಮಾಂಟ್ ಅದನ್ನು ಕೈವಶಮಾಡಿಕೊಂಡಿತು. 18ನೆಯ ಶತಮಾನದ ಕೊನೆಗೆ ಬೊಲೋನ್ಯದ ರೇಷ್ಮೆ ಉದ್ಯಮ ಕುಸಿಯಿತು. ಸಹಕಾರವೆಂಬುದು ಬೇಲಿಯೂ ಆಗಬಲ್ಲುದೆಂಬ ಅಂಶಕ್ಕೆ ಗ್ರಂಥದಲ್ಲಿ ತಕ್ಕ ಗಮನ ದೊರೆತಿಲ್ಲ.

ಇನ್ನು ಪರಂಪರೆಯ ಮಾತು. 1506ರಿಂದ 1859ರವರೆಗೆ, ನೆಪೋಲಿಯನ್ನನ ಕಾಲವನ್ನುಳಿದು, ಬೊಲೋನ್ಯವು ಪೋಪರ ಅಧೀನದಲ್ಲಿತ್ತು. 1860ರಿಂದೀಚಿನ ಸಹಕಾರಸಂಘಗಳ ಲೆಕ್ಕವನ್ನು ಗ್ರಂಥಕರ್ತರು ಒದಗಿಸುತ್ತಾರೆ, ನಿಜ. ಅದಕ್ಕೆ ಹಿಂದಿನ ಮೂರೂವರೆ ಶತಮಾನಗಳನ್ನು ದಾಟುವುದು ಮಾತ್ರ ಒಂದೇ ನೆಗೆತದಲ್ಲಿ. ಆ ಅವಧಿಯಲ್ಲಿಯೇ, ಭೌತವಿಜ್ಞಾನಿ ಜೊವಾನಿ ಅಲ್ದೀನಿ ಮತ್ತು ಅರ್ಥಶಾಸ್ತ್ರಜ್ಞ ಲುಯಿಜಿ ವಲೇರಿಯಾನಿ ನಗರಕ್ಕೆ ಬಿಟ್ಟುಹೋದ ಆಸ್ತಿಯ ನೆರವಿನಿಂದ, 1844ರಲ್ಲಿ ಅಲ್ಲೊಂದು ತಾಂತ್ರಿಕ ಶಾಲೆ ತೆರೆಯಿತು. 20ನೆಯ ಶತಮಾನದಲ್ಲಿ ನಗರಕ್ಕೆ ಹೆಸರು ತಂದ ಪೊಟ್ಟಣ ಕಟ್ಟುವ ಯಂತ್ರಗಳ ಕಾರ್ಖಾನೆಗಳನ್ನು ಸ್ಥಾಪಿಸಿದವರಲ್ಲಿ ಅನೇಕರು ಈ ಶಾಲೆಯ ವಿದ್ಯಾರ್ಥಿಗಳು. ಇವರ ಕುಶಲತೆಗೆ ಕಾರಣವನ್ನು ಹುಡುಕುವವರು 12ನೆಯ ಶತಮಾನಕ್ಕೆ ಹೋಗುವ ಮುನ್ನ ಈ ಶಾಲೆಯ ದಾಖಲೆಗಳನ್ನು ನೋಡತಕ್ಕುದು. 1924ರಲ್ಲಿ ಸ್ಥಾಪಿತವಾದ ಆಕ್ಮ ಕಾರ್ಖಾನೆಯಲ್ಲಿ ಪಳಗಿದವರು ಹೊರಬಂದು ಅದೇ ಊರಿನಲ್ಲಿ ಹೊಸ ಕಾರ್ಖಾನೆಗಳನ್ನು ತೆರೆದರು. ಅವರನ್ನು ಯಾರೂ ದಂಡಿಸಲಿಲ್ಲ.