ಗೇಣುದ್ದದ ಮನೆ, ನಾರಿನ ಸೂರು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಲಾಂಗ್ ವಿಟ್ಟನ್‌ಹ್ಯಾಮ್ ಎಂಬ ಹಳ್ಳಿಯಿದೆ. ಅಲ್ಲಿನ ಪೆಂಡನ್ ಮ್ಯೂಸಿಯಂಗೆ ಪುಟಾಣಿ ರೈಲು ನೋಡಲು ಹೋದವರ ಕಣ್ಣು ಹಳಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪಕ್ಕದ ಪುಟ್ಟ ಮನೆಗಳ ಮೇಲೆ ಹೋಗಿ ಕೂತುಬಿಡುತ್ತದೆ.

ಈ ಪುಟಾಣಿ ಊರನ್ನು ಕಟ್ಟಲು ಹೊರಟವರು ರಾಯ್ ಇಂಗ್ಲೆಂಡ್ ಎಂಬವರು. 1925ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಅವರಿಗೆ ಆ ಸೀಮೆಯ ವೈಟ್ ಹಾರ್ಸ್ ಕಣಿವೆಯ ಹುಲ್ಲುಮಾಡಿನ ಮನೆಗಳು ಮನಸ್ಸಿಗೆ ಹಿಡಿದವು. ಅವು ಕಣ್ಣೆದುರೇ ರೂಪ ಕಳೆದುಕೊಳ್ಳತೊಡಗಿದಾಗ, ಚಿಕ್ಕದಾಗಿ ಕಟ್ಟಿಯಾದರೂ ಉಳಿಸಬೇಕೆಂದು ಪಣತೊಟ್ಟರು. 1954ರಲ್ಲಿ ಮ್ಯೂಸಿಯಂ ಶುರುವಾಯಿತು.

ಅಳತೆ ಅಡಿಗೆ 4 ಮಿಲಿಮೀಟರ್. ಆರಡಿ ಆಳು ಇಲ್ಲಿ 24 ಮಿಲಿಮೀಟರ್, ಬೆರಳಿನ ಒಂದು ಗೆಣ್ಣಿನಷ್ಟು!

ಗೋಡೆ ರಟ್ಟಿನದು. ಅದರ ಮೇಲೆ ಇಟ್ಟಿಗೆಯ ಸಂದುಗಳನ್ನು ಗೀರಿ, ಜಲವರ್ಣದಲ್ಲಿ ಒಂದೊಂದೇ ಇಟ್ಟಿಗೆಗೆ ಬಣ್ಣ ಹಚ್ಚುತ್ತಾರೆ. ಒಂದು ತುಸು ಕೆಂಪು, ಪಕ್ಕದ್ದು ತುಸು ಕಂದು. ಭಟ್ಟಿಯಿಂದ ಬಂದ ಇಟ್ಟಿಗೆಗಳೂ ಹಾಗೇ ತಾನೆ. ಹುಲ್ಲಿನ ಸೂರಿಗೆ ಬಳಸಿದ್ದು ನಲ್ಲಿ ರಿಪೇರಿಯವರು ಪೈಪಿನ ತಿರುಪಿನ ಮರೆಗೆ ಸುತ್ತುವ ನಾರು. ಅದನ್ನು ಎಳೆಎಳೆಯಾಗಿ ಅಂಟಿಸಿ ಕತ್ತರಿಸಿದರೆ ಮಳೆಗೆ ಮಾಸಿದ ಹಳೇ ಮಾಡೇ ಕಣ್ಣೆದುರು ಬರುತ್ತದೆ. ಹಿತ್ತಿಲಲ್ಲಿ ಕೋಸಿನ ಸಾಲು, ಕಿಟಕಿಯೊಳಗೆ ಮೇಜು ಕುರ್ಚಿ. ಇಂಥ ಒಂದು ಮನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದುಡಿಯುವವರು ಬಹುಪಾಲು ಸ್ವಯಂಸೇವಕರು.

ಹೊಸ ಬಣ್ಣವನ್ನು ಹಾಗೇ ಬಿಟ್ಟರೆ ಮನೆ ಆಟಿಕೆಯಾಗುತ್ತದೆ. ಗೋಡೆಯಲ್ಲಿ ನೀರಿಳಿದ ಕಲೆ, ಚಿಮಣಿಯ ಸುತ್ತ ಮಸಿ, ಸೂರಿನ ಅಂಚಿಗೆ ಪಾಚಿ: ಇವು ಬಂದ ಮೇಲೇ ಅಲ್ಲಿ ಯಾರೋ ಬಾಳಿದ್ದಾರೆ ಅನ್ನಿಸುವುದು.

ಮ್ಯೂಸಿಯಂನ ಇನ್ನೊಂದು ಕಡೆ ಡಾರ್ಟ್‌ಮೂರ್ ಎಂಬ ಗುಡ್ಡಗಾಡಿನ ಮಾದರಿ. ಎಂಜಿನಿಯರ್ ಬ್ರೂನೆಲ್ ಶೈಲಿಯ ಮರದ ಎತ್ತರದ ಸೇತುವೆಯನ್ನು ರೈಲು ದಾಟುವಾಗ, ಕೆಳಗಿನ ಕಣಿವೆಯ ಆಳ ಕಂಡು ನೋಡುವವರ ಉಸಿರು ಒಂದು ಕ್ಷಣ ನಿಲ್ಲುತ್ತದೆ.